ಸಿಹಿಯ ಎದುರಿಗೆ ಏನಿದೆ?

ಇಂಗ್ಲಿಷಿನ ‘ಸ್ವೀಟ್’ ಪದಕ್ಕೆ ವಿರುದ್ಧ ಪದ ಯಾವುದು? ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕೇಳುವ ಸುಲಭ ಪ್ರಶ್ನೆಗಳಲ್ಲಿ ಇದೂ ಒಂದು. ಉತ್ತರದ ವಿಷಯಕ್ಕೆ ಬಂದರೆ ಪುಸ್ತಕಗಳಲ್ಲೇ ಒಮ್ಮತವಿಲ್ಲ. ಕೆಲವು ಕಡೆ ‘ಬಿಟರ್’ ಎಂದಿರುತ್ತದೆ, ಕೆಲವು ಕಡೆ ‘ಸೌರ್’. ಕನ್ನಡಕ್ಕೆ ಬಂದಾಗ ನಾವು ಈ ಗೊಂದಲಕ್ಕೆ ಎಡೆಯೇ ಇಲ್ಲವೆಂಬಂತೆ ‘ಸಿಹಿ × ಕಹಿ’ ಎಂದು ಬರೆದು ಮುಂದಿನ ಜೋಡಿಗೆ ಹೋಗಿಬಿಡುತ್ತೇವೆ. ಪ್ರತಿ ಪದಕ್ಕೂ ಒಂದೇ ವಿರುದ್ಧ ಪದ, ಅದು ಆ ಪದದ ಜತೆಗೇ ಹುಟ್ಟಿ ನಿಘಂಟಿನಲ್ಲಿ ಕಾದು ಕುಳಿತಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ಬೇರೂರಿದೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಒಂದು ಪದದ ಎದುರಿಗೆ ಯಾವುದು ನಿಲ್ಲಬೇಕೆಂದು ನಿರ್ಧರಿಸುವುದು ಆ ಪದ ಯಾವ ವಸ್ತುವಿನ ಬಗ್ಗೆ ಆಡಿದ ಮಾತು, ಯಾವ ಆಯ್ಕೆಯ ನಡುವೆ ಆಡಿದ ಮಾತು ಎನ್ನುವುದೇ. ಇದನ್ನು ಸಾಬೀತುಪಡಿಸಲು ‘ಸ್ವೀಟ್’ ಮತ್ತು ನಮ್ಮ ‘ಸಿಹಿ’ಗಿಂತ ಒಳ್ಳೆಯ ಸಾಕ್ಷಿಗಳು ಸಿಗಲಾರವು.

ಭಿನ್ನಾಭಿಪ್ರಾಯ ಹೊಸದೇನಲ್ಲ, ದೊಡ್ಡವರ ನಡುವೆಯೇ ಇದ್ದದ್ದು. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಅರಿಸ್ಟಾಟಲ್ ರುಚಿಗಳನ್ನು ವಿಂಗಡಿಸಿದಾಗ ಸಿಹಿಯನ್ನು ಒಂದು ತುದಿಯಲ್ಲೂ ಕಹಿಯನ್ನು ಇನ್ನೊಂದು ತುದಿಯಲ್ಲೂ ಇಟ್ಟ. ಬಣ್ಣಗಳಲ್ಲಿ ಕಪ್ಪು ಬಿಳುಪು ಇದ್ದಂತೆ ರುಚಿಗಳಲ್ಲಿ ಇವೆರಡು ಕೊನೆಗಳು, ಖಾರ, ಒಗರು, ಹುಳಿ ಮೊದಲಾದವು ಇವುಗಳ ನಡುವೆ ಬರುತ್ತವೆ ಎಂಬುದು ಅವನ ಲೆಕ್ಕ. 1852ರಲ್ಲಿ ಇಂಗ್ಲೆಂಡಿನ ವೈದ್ಯ ಪೀಟರ್ ಮಾರ್ಕ್ ರೋಜೆ ತನ್ನ ಪ್ರಸಿದ್ಧ ಪದಕೋಶವನ್ನು ಪ್ರಕಟಿಸಿದ. ಪರಸ್ಪರ ವಿರುದ್ಧವಾದ ಕಲ್ಪನೆಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕದ ಎರಡು ಅಂಕಣಗಳಲ್ಲಿ ಅಚ್ಚು ಮಾಡಿದ್ದು ಆ ಕೋಶದ ಹೆಚ್ಚುಗಾರಿಕೆ. ಅಲ್ಲಿ ಸಿಹಿಯ ಎದುರಿಗೆ ಕಹಿ ಇಲ್ಲ, ಹುಳಿ ಇದೆ. ಕಹಿಗೆ ಸಂಬಂಧಿಸಿದ ಮಾತುಗಳು ‘ರುಚಿಗೆಟ್ಟದ್ದು’ ಎಂಬ ಬೇರೆಯೇ ವಿಭಾಗಕ್ಕೆ ಹೋಗಿವೆ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ವಿರುದ್ಧ ಪದ ಎಂಬ ಅರ್ಥದ ‘ಆಂಟನಿಮ್’ ಎನ್ನುವ ಮಾತು ಇಂಗ್ಲಿಷಿಗೆ ಬಂದದ್ದೇ ಆಮೇಲೆ, 1867ರಲ್ಲಿ, ಸಿ. ಜೆ. ಸ್ಮಿತ್ ಎಂಬಾತ ತಂದ ಸಮಾನಾರ್ಥ ಮತ್ತು ವಿರುದ್ಧಾರ್ಥ ಪದಗಳ ಪುಸ್ತಕದ ಮೂಲಕ. ನಾವು ಅನಾದಿ ಕಾಲದ ವ್ಯಾಕರಣ ನಿಯಮವೆಂದು ಭಾವಿಸಿರುವ ‘ಒಂದು ಪದ, ಒಂದು ವಿರುದ್ಧ ಪದ’ದ ಪಟ್ಟಿಯ ಪದ್ಧತಿಗೆ ಹೆಚ್ಚು ವಯಸ್ಸಾಗಿಲ್ಲ.

ಹಣ್ಣಿನ ತೋಟಕ್ಕೆ ಹೋದರೆ ಅರಿಸ್ಟಾಟಲನೂ ಗೆಲ್ಲುತ್ತಾನೆ, ರೋಜೆಯೂ ಗೆಲ್ಲುತ್ತಾನೆ. ಇಂಗ್ಲಿಷಿನಲ್ಲಿ ಸಿಹಿ ಬಾದಾಮಿಯ ಎದುರಿಗೆ ಇರುವುದು ‘ಬಿಟರ್’ ಬಾದಾಮಿ. ಈ ಕಹಿ ಬಾದಾಮಿಯಲ್ಲಿ ಅಮಿಗ್ಡಲಿನ್ ಎಂಬ ವಸ್ತುವಿದೆ. ಅಗಿದಾಗ ಅದು ಒಡೆದು ಸಯನೈಡ್ ಬಿಡುಗಡೆಯಾಗುತ್ತದೆ. ಆದ್ದರಿಂದ ಸಿಹಿಯೋ ಕಹಿಯೋ ಎಂಬುದು ಅಲ್ಲಿ ನಾಲಿಗೆಯ ಚಪಲದ ಪ್ರಶ್ನೆಯಲ್ಲ, ತಿನ್ನಬಹುದೋ ಬಾರದೋ ಎಂಬ ಪ್ರಶ್ನೆ. ಅದೇ ಬಾದಾಮಿಯ ಹತ್ತಿರದ ಬಂಧುವಾದ ಚೆರ್ರಿಯಲ್ಲಿ ಸಿಹಿಯ ಎದುರಿಗೆ ಕಹಿಯ ಸುಳಿವೇ ಇಲ್ಲ. ಚೆರ್ರಿಯಲ್ಲಿ ಇರುವುದು ಎರಡು ಜಾತಿ, ಒಂದು ‘ಸ್ವೀಟ್’, ಇನ್ನೊಂದು ‘ಸೌರ್’. ಇನ್ನು ಕಿತ್ತಳೆ. ಸ್ಪೇನಿನ ಸೆವಿಲ್ ಪ್ರಾಂತದ ಹೆಸರು ಹೊತ್ತ, ಬ್ರಿಟಿಷರು ಮಾರ್ಮಲೇಡ್ ಮಾಡಲು ಬಳಸುವ ಕಿತ್ತಳೆಯನ್ನು ‘ಬಿಟರ್ ಆರೆಂಜ್’ ಎಂದೂ ಕರೆಯುತ್ತಾರೆ, ‘ಸೌರ್ ಆರೆಂಜ್’ ಎಂದೂ ಕರೆಯುತ್ತಾರೆ. ಹಣ್ಣು ಒಂದೇ, ಸಸ್ಯಶಾಸ್ತ್ರದಲ್ಲಿ ಅದಕ್ಕಿರುವ ಹೆಸರೂ ಒಂದೇ. ಸಿಪ್ಪೆಯ ಕಹಿಯನ್ನು ಗಮನಿಸಿದವರಿಗೆ ಅದು ಸಿಹಿ ಕಿತ್ತಳೆಯ ಕಹಿ ಎದುರಾಳಿ, ತೊಳೆಯ ರಸವನ್ನು ಗಮನಿಸಿದವರಿಗೆ ಹುಳಿ ಎದುರಾಳಿ. ಇಬ್ಬರಲ್ಲಿ ಯಾರೂ ತಪ್ಪು ಹೇಳುತ್ತಿಲ್ಲ.

ಇಲ್ಲಿ ಭಾಷಾ ಅಧ್ಯಾಪಕರು ಒಂದು ಆಕ್ಷೇಪ ಎತ್ತಬಹುದು. ಪದವೊಂದಕ್ಕೆ ಹಲವು ಅರ್ಥಗಳಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಒಂದೊಂದು ಅರ್ಥಕ್ಕೆ ಒಂದೊಂದು ವಿರುದ್ಧ ಪದವಿದ್ದರೆ ಅದರಲ್ಲಿ ವಿಶೇಷವೇನಿದೆ, ‘ಲೈಟ್’ ಎಂದರೆ ಬೆಳಕೂ ಹೌದು ಹಗುರವೂ ಹೌದು, ಆದ್ದರಿಂದ ಒಂದಕ್ಕೆ ಕತ್ತಲೆ ಇನ್ನೊಂದಕ್ಕೆ ಭಾರ ಎಂದು ಅವರು ಕೇಳಬಹುದು. ‘ಲೈಟ್’ ವಿಷಯದಲ್ಲಿ ಈ ಮಾತು ಸರಿ, ಅಲ್ಲಿ ನಿಜವಾಗಿಯೂ ಎರಡು ಅರ್ಥಗಳಿವೆ. ಸಿಹಿಯ ವಿಷಯದಲ್ಲಿ ಇದು ನಿಲ್ಲುವುದಿಲ್ಲ. ಸಿಹಿ ಬಾದಾಮಿ, ಸಿಹಿ ಚೆರ್ರಿ, ಸಿಹಿ ಕಿತ್ತಳೆ ಮೂರರಲ್ಲೂ ‘ಸಿಹಿ’ ಎಂಬ ಮಾತು ರುಚಿಯನ್ನೇ ಹೇಳುತ್ತದೆ, ಒಂದೇ ರುಚಿಯನ್ನು ಹೇಳುತ್ತದೆ. ಅರ್ಥ ಬದಲಾಗಿಲ್ಲ, ಎದುರಾಳಿ ಮಾತ್ರ ಬದಲಾಗಿದೆ. ನಮ್ಮ ಅಡುಗೆಮನೆಯಲ್ಲಂತೂ ಇದು ಇನ್ನೂ ನಿಚ್ಚಳ. ಮಾವಿನ ಹಣ್ಣು ಸಿಹಿಯೋ ಎಂದು ಕೇಳಿದರೆ ಅಂಗಡಿಯವನ ಮನಸ್ಸಿನಲ್ಲಿ ಇರುವ ಇನ್ನೊಂದು ಸಾಧ್ಯತೆ ಹುಳಿ. ಬೇಕರಿಗೆ ಹೋಗಿ ಬೂಂದಿ ಕೇಳಿದರೆ ‘ಸಿಹಿಯೋ ಖಾರವೋ’ ಎಂಬ ಮರುಪ್ರಶ್ನೆ ಬರುತ್ತದೆ. ಅವಲಕ್ಕಿಗೂ ಹೀಗೆಯೇ, ಪೊಂಗಲ್ಲಿಗೂ ಹೀಗೆಯೇ. ಹೋಟೆಲಿನ ಚೌಚೌಬಾತ್ ಅಂದರೆ ಒಂದೇ ತಟ್ಟೆಯಲ್ಲಿ ಖಾರಾಬಾತ್ ಮತ್ತು ಕೇಸರಿಬಾತ್, ಖಾರ ಮತ್ತು ಸಿಹಿ. ಕಾಫಿಗೆ ಸಕ್ಕರೆ ಸಾಲದೆ ಹೋದರೆ ನಾವು ‘ಸಪ್ಪೆ’ ಎನ್ನುತ್ತೇವೆ. ಈ ಎಲ್ಲ ಕಡೆ ಸಿಹಿಯೆಂದರೆ ಬೆಲ್ಲ ಸಕ್ಕರೆಯ ಸಿಹಿಯೇ. ಹಾಗಿದ್ದೂ ಮಾವಿನಲ್ಲಿ ಹುಳಿ, ಬೂಂದಿಯಲ್ಲಿ ಖಾರ, ಕಾಫಿಯಲ್ಲಿ ಸಪ್ಪೆ, ಬಾದಾಮಿಯಲ್ಲಿ ಕಹಿ. ಬೇಕರಿಯಲ್ಲಿ ನಿಂತು ‘ಸಿಹಿ ಬೇಡ, ಅದರ ವಿರುದ್ಧದ್ದು ಕೊಡಿ’ ಎಂದರೆ ಯಾವ ಕನ್ನಡಿಗನೂ ಹಾಗಲಕಾಯಿ ತಂದುಕೊಡುವುದಿಲ್ಲ.

ಎದುರಾಳಿ ಬದಲಾಗುತ್ತದೆ ಎನ್ನುವಲ್ಲಿಗೆ ವಿಷಯ ಮುಗಿಯುವುದಿಲ್ಲ. ಕೆಲವು ಕಡೆ ಎದುರಾಳಿಯೇ ಪದದ ಅರ್ಥವನ್ನು ನಿಶ್ಚಯಿಸುತ್ತದೆ, ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಾಣುವ ಸಾಕ್ಷ್ಯ ಇದೇ. ಸಿಹಿ ಮೊಸರು ಎನ್ನುತ್ತೇವೆ. ಅದರಲ್ಲಿ ಚಮಚೆ ಸಕ್ಕರೆಯೂ ಇರುವುದಿಲ್ಲ. ಇನ್ನೂ ಹುಳಿಗೆ ತಿರುಗದ ಮೊಸರು ಎಂಬುದೇ ಅದರ ಅರ್ಥ. ಸಿಹಿನೀರು ಎನ್ನುತ್ತೇವೆ. ಬಾಯಿಗೆ ಹಾಕಿದರೆ ಅದರಲ್ಲಿ ಸಿಹಿ ಎಲ್ಲಿದೆ? ಉಪ್ಪಿಲ್ಲ ಎಂಬುದೇ ಅಲ್ಲಿ ಸಿಹಿ. ಉತ್ತರ ಕನ್ನಡದ ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಇರುವ ಗಜನಿ ಗದ್ದೆಗಳಲ್ಲಿ ಈ ಎರಡು ಮಾತುಗಳ ಮೇಲೆಯೇ ವರ್ಷದ ಬೇಸಾಯ ನಿಂತಿದೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಏರಿ ಗದ್ದೆಯ ಉಪ್ಪು ತೊಳೆದುಹೋದಾಗ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಸ್ವಲ್ಪ ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಕೊಯ್ಲು ಮುಗಿದ ಮೇಲೆ ಉಬ್ಬರದ ಉಪ್ಪುನೀರು ಒಳಗೆ ಬಂದು ಅದೇ ಗದ್ದೆ ಮೀನು ಸಿಗಡಿಗಳ ತಾಣವಾಗುತ್ತದೆ. ಕಟ್ಟೆ ಒಡೆದು ಅಕಾಲದಲ್ಲಿ ಉಪ್ಪುನೀರು ನುಗ್ಗಿದರೆ ಪೈರು ಹೋಯಿತೆಂದೇ ಅರ್ಥ. ಅಲ್ಲಿನ ರೈತನೊಬ್ಬನ ಮಗಳು ಪರೀಕ್ಷೆಯಲ್ಲಿ ‘ಸಿಹಿ’ ಎಂಬುದಕ್ಕೆ ವಿರುದ್ಧವಾಗಿ ‘ಉಪ್ಪು’ ಎಂದು ಬರೆದರೆ ಕೆಂಪು ಗೀಟು ಬೀಳುತ್ತದೆ. ಆಕೆಯ ಊರಿನಲ್ಲಿ ಆ ಜೋಡಿಗಿಂತ ನಿಜವಾದ ಜೋಡಿ ಮತ್ತೊಂದಿಲ್ಲ. ಇಂಗ್ಲಿಷಿನಲ್ಲೂ ಈ ಬಗೆಯ ಬಳಕೆ ಇದೆ. ಅಮೆರಿಕದಲ್ಲಿ ‘ಸ್ವೀಟ್ ಬಟರ್’ ಎಂದರೆ ಸಕ್ಕರೆ ಬೆರೆಸಿದ ಬೆಣ್ಣೆಯಲ್ಲ, ಉಪ್ಪು ಬೆರೆಸದ ಬೆಣ್ಣೆ.

ನಾಲಿಗೆಯಿಂದ ದೂರ ಸರಿದಷ್ಟೂ ಈ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ವೈನ್ ಮಾರುವವರು ‘ಸ್ವೀಟ್’ ಎಂಬುದರ ಎದುರಿಗೆ ‘ಡ್ರೈ’ ಎನ್ನುತ್ತಾರೆ. ಯುರೋಪಿಯನ್ ಒಕ್ಕೂಟದ ಚೀಟಿ ನಿಯಮಗಳ ಪ್ರಕಾರ ಲೀಟರಿಗೆ 4 ಗ್ರಾಮಿನವರೆಗೆ ಸಕ್ಕರೆ ಉಳಿದಿದ್ದರೆ ‘ಡ್ರೈ’ ಎನ್ನಬಹುದು (ಆಮ್ಲ ಸಾಕಷ್ಟಿದ್ದರೆ 9 ಗ್ರಾಮಿನವರೆಗೂ ಅವಕಾಶವಿದೆ), 45 ಗ್ರಾಮ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ‘ಸ್ವೀಟ್’. ನಡುವಿನದಕ್ಕೆ ಬೇರೆ ಹೆಸರುಗಳಿವೆ. ‘ಡ್ರೈ’ ಎಂದರೆ ಒಣ, ಅದರ ವಿರುದ್ಧ ‘ವೆಟ್’ ಅಂದರೆ ಒದ್ದೆ ಎಂದು ಪಟ್ಟಿ ಹೇಳುತ್ತದೆ. ಆದರೆ ಒದ್ದೆ ವೈನ್ ಎಂಬುದು ಪ್ರಪಂಚದಲ್ಲಿ ಎಲ್ಲೂ ಇಲ್ಲ. ತೈಲ ಮಾರುಕಟ್ಟೆಯಲ್ಲಿ ಗಂಧಕದ ಅಂಶ ಸುಮಾರು ಶೇ 0.5ಕ್ಕಿಂತ ಕಡಿಮೆ ಇರುವ ಕಚ್ಚಾತೈಲ ‘ಸ್ವೀಟ್’, ಹೆಚ್ಚಿದ್ದರೆ ‘ಸೌರ್’. ಭಾರತ ಕೊಳ್ಳುವ ಕಚ್ಚಾತೈಲದ ಸರಾಸರಿ ಬೆಲೆ ಎಂದು ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಕಾಣುವ ಅಂಕಿಯನ್ನು ಲೆಕ್ಕ ಹಾಕುವುದೇ ಒಮಾನ್–ದುಬೈನ ‘ಸೌರ್’ ದರ್ಜೆ ಮತ್ತು ಬ್ರೆಂಟಿನ ‘ಸ್ವೀಟ್’ ದರ್ಜೆಗಳ ಬೆಲೆಯನ್ನು ನಿಗದಿತ ಪ್ರಮಾಣದಲ್ಲಿ ಬೆರೆಸಿ. ಸಂಸ್ಕರಣಾಗಾರದ ಎಂಜಿನಿಯರಿಗೆ ‘ಬಿಟರ್’ ಕಚ್ಚಾತೈಲ ಎಂದರೆ ಏನೂ ಅರ್ಥವಾಗದು. ವೈನಿನಲ್ಲೂ ತೈಲದಲ್ಲೂ ಅರ್ಥವೇ ಬೇರೆಯಾಗಿದೆಯಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ನನ್ನ ವಾದ ಮುಖ್ಯವಾಗಿ ನಿಂತಿರುವುದು ಬಾದಾಮಿ, ಮಾವು, ಬೂಂದಿಗಳ ಮೇಲೆ.

ನಿಜವಾಗಿ ಬಲವುಳ್ಳ ಆಕ್ಷೇಪ ಬರುವುದು ಪ್ರಕೃತಿಯ ಕಡೆಯಿಂದ. ಮಾತು ಏನೇ ಇರಲಿ, ದೇಹಕ್ಕೆ ಸಿಹಿಯ ವಿರುದ್ಧ ಕಹಿಯೇ ಅಲ್ಲವೇ? ಸಿಹಿ ಎಂದರೆ ಶಕ್ತಿ ಕೊಡುವ ಆಹಾರದ ಸೂಚನೆ, ಕಹಿ ಎಂದರೆ ವಿಷದ ಎಚ್ಚರಿಕೆ. 1970ರ ದಶಕದಲ್ಲಿ ಜೇಕಬ್ ಸ್ಟೈನರ್ ಎಂಬ ವಿಜ್ಞಾನಿ ಇನ್ನೂ ಮೊದಲ ಹಾಲು ಕುಡಿಯದ ನವಜಾತ ಶಿಶುಗಳ ನಾಲಿಗೆಗೆ ಬೇರೆ ಬೇರೆ ರುಚಿಯ ಹನಿಗಳನ್ನು ಹಾಕಿ ಅವುಗಳ ಮುಖವನ್ನು ಗಮನಿಸಿದರು. ಸಿಹಿಗೆ ಮುಖ ಸಡಿಲಗೊಂಡು ಅರಳಿತು, ಕಹಿಗೆ ಬಾಯಿ ತೆರೆದು ಉಗುಳುವಂತಾಯಿತು. ಕಲಿಕೆಯಿಲ್ಲದೆ ಬಂದ ಈ ವ್ಯತ್ಯಾಸವನ್ನು ಅಲ್ಲಗಳೆಯಲಾಗದು. ಆದರೆ ಅದೇ ಶಿಶುಗಳು ಹುಳಿಗೂ ತುಟಿ ಬಿಗಿದು ಮುಖ ಕಿವಿಚಿದವು. ಶಿಶುವಿನ ಮುಖ ಹೇಳುತ್ತಿರುವುದು ಬೇಕು, ಬೇಡ ಎಂಬ ಎರಡು ಮಾತುಗಳನ್ನು. ಬೇಡದ ಕಡೆ ಕಹಿಯೂ ಇದೆ, ಹುಳಿಯೂ ಇದೆ. ನಾಲಿಗೆಯ ರಚನೆಯಲ್ಲೂ ಸಿಹಿ ಕಹಿಗಳು ಒಂದೇ ಅಳತೆಗೋಲಿನ ಎರಡು ತುದಿಗಳಲ್ಲ. ಬಿಸಿ ತಣ್ಣಗೆ ಎನ್ನುವಾಗ ಉಷ್ಣತೆ ಎಂಬ ಒಂದೇ ಗುಣ ಏರುತ್ತದೆ, ಇಳಿಯುತ್ತದೆ. ರುಚಿಯಲ್ಲಿ ಹಾಗಿಲ್ಲ. ಸಿಹಿಯನ್ನು ಹಿಡಿಯುವ ಗ್ರಾಹಕ ಮುಖ್ಯವಾಗಿ ಒಂದು, ಟಿ1ಆರ್2 ಮತ್ತು ಟಿ1ಆರ್3 ಎಂಬ ಎರಡು ಪ್ರೋಟೀನುಗಳು ಕೂಡಿ ಆದದ್ದು. ಕಹಿಗೆ ಮನುಷ್ಯರಲ್ಲಿ ಸುಮಾರು 25 ಬಗೆಯ ಪ್ರತ್ಯೇಕ ಗ್ರಾಹಕಗಳಿವೆ. ಒಂದು ಕಡಿಮೆಯಾದರೆ ಇನ್ನೊಂದು ಹೆಚ್ಚಾಗುವ ಸಂಬಂಧ ಇವುಗಳ ನಡುವೆ ಇಲ್ಲ.

ಇದನ್ನು ಯಾರು ಬೇಕಾದರೂ ಒಂದು ಎಲೆಯಿಂದ ಪರೀಕ್ಷಿಸಬಹುದು. ಮಧುನಾಶಿನಿ ಎಂಬ ಬಳ್ಳಿ ದಕ್ಷಿಣ ಭಾರತದ ಕಾಡುಗಳಲ್ಲಿ ಬೆಳೆಯುತ್ತದೆ, ಔಷಧಿಯ ಗಿಡವಾಗಿ ನಮ್ಮಲ್ಲಿ ಪರಿಚಿತ. ಅದರ ಎಲೆಯನ್ನು ಒಂದೆರಡು ನಿಮಿಷ ಅಗಿದು ಬಾಯಿ ಮುಕ್ಕಳಿಸಿ ಆಮೇಲೆ ಸಕ್ಕರೆ ಹಾಕಿಕೊಂಡರೆ ಸಿಹಿ ತಿಳಿಯುವುದೇ ಇಲ್ಲ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ಸಿಹಿಯ ಗ್ರಾಹಕವನ್ನು ಸ್ವಲ್ಪ ಹೊತ್ತು ತಡೆಹಿಡಿಯುತ್ತವೆ. ಆಗ ಸಕ್ಕರೆ ಕಹಿಯಾಗುತ್ತದೆಯೇ? ಇಲ್ಲ. ಹುಳಿಯೂ ಆಗುವುದಿಲ್ಲ. ಮರಳಿನ ಕಾಳಿನಂತೆ ಬಾಯಲ್ಲಿ ಹೊರಳುತ್ತದೆ ಅಷ್ಟೆ. ಸಿಹಿಯನ್ನು ತೆಗೆದರೆ ಉಳಿಯುವುದು ಸಪ್ಪೆ. ದೇಹದ ಮಟ್ಟದಲ್ಲಿ ಸಿಹಿಗೆ ವಿರುದ್ಧವಾದದ್ದು ಏನಾದರೂ ಇದ್ದರೆ ಅದು ಸಿಹಿಯ ಅಭಾವವೇ ಹೊರತು ಕಹಿಯಲ್ಲ ಎಂದು ಈ ಎಲೆ ಹೇಳುತ್ತದೆ. ನಮ್ಮ ಆಯುರ್ವೇದದವರೂ ರುಚಿಗಳನ್ನು ಜೋಡಿಗಳಾಗಿ ಕಟ್ಟಿಹಾಕಲಿಲ್ಲ. ಮಧುರ, ಆಮ್ಲ, ಲವಣ, ಕಟು, ತಿಕ್ತ, ಕಷಾಯ ಎಂದು ಆರು ರಸಗಳನ್ನು ಎಣಿಸಿ, ಯಾವುದು ಯಾವ ದೋಷವನ್ನು ಹೆಚ್ಚಿಸುತ್ತದೆ, ಯಾವುದು ತಗ್ಗಿಸುತ್ತದೆ ಎಂದು ನೋಡಿದರು. ಕಫದ ಮಟ್ಟಿಗೆ ಮಧುರದ ಎದುರಿಗೆ ನಿಲ್ಲುವವು ಕಟು, ತಿಕ್ತ, ಕಷಾಯ, ಅಂದರೆ ಖಾರ, ಕಹಿ, ಒಗರು ಮೂರೂ. ಪಿತ್ತದ ವಿಚಾರಕ್ಕೆ ಬಂದರೆ ಗುಂಪು ಬದಲಾಗುತ್ತದೆ, ಅಲ್ಲಿ ತಿಕ್ತ ಕಷಾಯಗಳು ಮಧುರದ ಪಕ್ಷಕ್ಕೇ ಬಂದು ಪಿತ್ತವನ್ನು ತಗ್ಗಿಸುತ್ತವೆ. ಏನನ್ನು ಅಳೆಯುತ್ತಿದ್ದೇವೆ ಎಂಬುದರ ಮೇಲೆ ಯಾರು ಯಾರ ವಿರುದ್ಧ ಎಂಬುದು ನಿಂತಿದೆ.

ಹಾಗಾದರೆ ‘ಸಿಹಿ’ ಎಂದ ಕೂಡಲೇ ಬಾಯಿಗೆ ‘ಕಹಿ’ ಬರುವುದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಜೋಡಿ ನಮ್ಮ ತಲೆಯೊಳಗೆ ಸಿದ್ಧವಾಗಿ ಇರುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಅಮೆರಿಕದಲ್ಲಿ ಗ್ರೇಸ್ ಕೆಂಟ್ ಮತ್ತು ಆರನ್ ರೊಸನಾಫ್ 1910ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರ ಜನರಿಗೆ ನೂರು ಪದಗಳನ್ನು ಒಂದೊಂದಾಗಿ ಹೇಳಿ, ತಕ್ಷಣ ಹೊಳೆದ ಮಾತನ್ನು ಬರೆದುಕೊಂಡರು. ಆ ನೂರರಲ್ಲಿ ‘ಸ್ವೀಟ್’, ‘ಸೌರ್’, ‘ಬಿಟರ್’ ಮೂರೂ ಇದ್ದವು. ‘ಬಿಟರ್’ ಎಂದಾಗ ಹೆಚ್ಚು ಜನ ‘ಸ್ವೀಟ್’ ಎಂದರು, ‘ಸೌರ್’ ಎಂದಾಗಲೂ ‘ಸ್ವೀಟ್’ ಎಂದರು. ‘ಸ್ವೀಟ್’ ಎಂದಾಗ ಮಾತ್ರ ಹೆಚ್ಚು ಬಂದ ಉತ್ತರ ‘ಸೌರ್’. ಅಂದರೆ ಕಹಿ ಸಿಹಿಯನ್ನು ಕರೆಯುತ್ತದೆ, ಸಿಹಿ ತಿರುಗಿ ಅದನ್ನೇ ಕರೆಯುವುದಿಲ್ಲ. ಒಂದಕ್ಕೊಂದು ಎಂಬ ಪಟ್ಟಿಯ ಲೆಕ್ಕ ಜನರ ಮನಸ್ಸಿನಲ್ಲೇ ಸರಿಹೋಗುತ್ತಿಲ್ಲ. 1980ರ ದಶಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಮಿಲ್ಲರ್ ಆರಂಭಿಸಿದ ‘ವರ್ಡ್‌ನೆಟ್’ ಎಂಬ ಗಣಕಕೋಶವೂ ರುಚಿಯ ಅರ್ಥದಲ್ಲಿ ‘ಸ್ವೀಟ್’ ಎದುರು ‘ಸೌರ್’ ಎಂದೂ ವೈನಿನ ಅರ್ಥದಲ್ಲಿ ‘ಡ್ರೈ’ ಎಂದೂ ಬರೆದುಕೊಂಡಿದೆ. ಜೋಡಿಗಳು ಹೇಗೆ ಕೂಡಿಕೊಳ್ಳುತ್ತವೆ ಎಂಬುದಕ್ಕೂ ಒಳ್ಳೆಯ ವಿವರಣೆ ಸಿಕ್ಕಿದೆ. 1991ರಲ್ಲಿ ಜಸ್ಟಿಸನ್ ಮತ್ತು ಕಾಟ್ಜ್ ಎಂಬ ಇಬ್ಬರು ಸುಮಾರು ಹತ್ತು ಲಕ್ಷ ಪದಗಳ ಇಂಗ್ಲಿಷ್ ಬರಹವನ್ನು ಪರಿಶೀಲಿಸಿ, ವಿರುದ್ಧ ಗುಣವಾಚಕಗಳು ಒಂದೇ ವಾಕ್ಯದಲ್ಲಿ ಜತೆಯಾಗಿ ಬರುವುದು ಆಕಸ್ಮಿಕವಾಗಿ ಬರಬಹುದಾದದ್ದಕ್ಕಿಂತ ಬಹಳ ಹೆಚ್ಚು ಎಂದು ತೋರಿಸಿದರು. ಮತ್ತೆ ಮತ್ತೆ ಅಕ್ಕಪಕ್ಕದಲ್ಲಿ ಕೇಳಿದ ಮಾತುಗಳು ಮನಸ್ಸಿನಲ್ಲಿ ಗಂಟುಬೀಳುತ್ತವೆ.

ನಮ್ಮ ಸಿಹಿ ಕಹಿಯ ಗಂಟು ಬಿದ್ದದ್ದೂ ಹಾಗೆಯೇ ಎಂದು ನನಗೆ ತೋರುತ್ತದೆ. ಯುಗಾದಿಯಂದು ಬೇವು ಬೆಲ್ಲ ಒಟ್ಟಿಗೆ ಕೈಗೆ ಬರುತ್ತದೆ, ವರ್ಷದ ಸಿಹಿ ಕಹಿಗಳನ್ನು ಸಮನಾಗಿ ಸ್ವೀಕರಿಸಬೇಕು ಎಂಬ ಮಾತೂ ಅದರ ಜತೆಗೆ ಬರುತ್ತದೆ. ಸಿಹಿ ಸುದ್ದಿ, ಕಹಿ ಸುದ್ದಿ. ಸಿಹಿ ನೆನಪು, ಕಹಿ ನೆನಪು. ಇಲ್ಲೆಲ್ಲ ಸಿಹಿ ಎಂದರೆ ಹಿತ, ಕಹಿ ಎಂದರೆ ಅಹಿತ. ಇಷ್ಟಾನಿಷ್ಟಗಳ ಈ ಆವರಣದಲ್ಲಿ ಕಹಿಯೇ ಸರಿಯಾದ ಎದುರು, ‘ಹುಳಿ ಸುದ್ದಿ’ ಎಂದು ನಾವು ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಸ್ನೇಹವೊಂದು ಕೆಟ್ಟರೆ ಅದು ‘ಸೌರ್’ ಆಯಿತು ಎನ್ನುತ್ತಾರೆ. ಕನ್ನಡದಲ್ಲಿ ಸಂಬಂಧ ಹಳಸುತ್ತದೆ. ಹಾಗೆಂದು ಬದುಕಿನ ಏರಿಳಿತಕ್ಕೆ ಒಪ್ಪುವ ಜೋಡಿಯನ್ನು ಮಾವಿನಹಣ್ಣಿಗೂ ಮೊಸರಿಗೂ ಬಾವಿಯ ನೀರಿಗೂ ಹೇರಬಾರದು. ‘ಸಿಹಿ × ಕಹಿ’ ಎಂಬ ಉತ್ತರ ಸುಳ್ಳಲ್ಲ. ಹಲವು ನಿಜಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು ಉಳಿದವನ್ನು ತಪ್ಪು ಎಂದು ಗುರುತು ಹಾಕುವುದು ಅನ್ಯಾಯ.

ಕೊನೆಯದಾಗಿ ಶಿಕ್ಷಕರ ಕಷ್ಟ. ನಲವತ್ತು ಐವತ್ತು ಉತ್ತರಪತ್ರಿಕೆಗಳನ್ನು ತಿದ್ದಬೇಕಾದವರಿಗೆ ಒಂದು ಪ್ರಶ್ನೆಗೆ ಒಂದೇ ಉತ್ತರವಿದ್ದರೆ ಅನುಕೂಲ, ಸಣ್ಣ ಮಕ್ಕಳಿಗೆ ಇಷ್ಟೆಲ್ಲ ಸೂಕ್ಷ್ಮ ಹೇಳಿ ತಲೆ ಕೆಡಿಸುವುದು ಬೇಡ ಎನ್ನುವುದು ಅವರ ಮಾತು. ಅನುಕೂಲದ ಮಾತನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪುವುದಿಲ್ಲ. ಬೇಕರಿಯಲ್ಲಿ ಏನು ಕೇಳಬೇಕು, ಮಾವಿನಕಾಯಿಯನ್ನು ಏನೆನ್ನಬೇಕು ಎಂಬುದು ಐದು ವರ್ಷದ ಮಗುವಿಗೂ ಗೊತ್ತು. ಆ ತಿಳಿವಳಿಕೆಯನ್ನು ಮರೆತು ಪಟ್ಟಿಯನ್ನು ನೆನಪಿಡು ಎಂದು ಹೇಳುತ್ತಿರುವವರು ನಾವು. ಅನುಕೂಲವನ್ನೂ ಕಳೆದುಕೊಳ್ಳಬೇಕಾಗಿಲ್ಲ. ಬಿಡಿ ಪದದ ಬದಲು ನಾಮಪದವೊಂದನ್ನು ಜತೆಗಿಟ್ಟು ಪ್ರಶ್ನೆ ಕೇಳಿದರೆ ಸಾಕು: ‘ಈ ಮಾವು ಸಿಹಿ, ಆ ಮಾವು ಡ್ಯಾಶ್’, ‘ಹೊಳೆಯಲ್ಲಿ ಸಿಹಿನೀರು, ಕಡಲಲ್ಲಿ ಡ್ಯಾಶ್’, ಇಂಗ್ಲಿಷಿನಲ್ಲಾದರೆ ‘ಸ್ವೀಟ್ ಆಮಂಡ್’ ಎದುರು ಏನು ಎಂದು. ಪ್ರತಿಯೊಂದಕ್ಕೂ ತಿದ್ದಲು ಸುಲಭವಾದ ಒಂದೊಂದೇ ಉತ್ತರವಿರುತ್ತದೆ, ಅಂಕದ ಲೆಕ್ಕವೂ ಕೆಡುವುದಿಲ್ಲ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವ ನಮ್ಮ ಮಕ್ಕಳಿಗೆ ಇದರಿಂದ ಇನ್ನೊಂದು ಲಾಭವಿದೆ. ‘ಓಲ್ಡ್’ ಎಂಬುದಕ್ಕೆ ‘ನ್ಯೂ’ ಎಂದಷ್ಟೇ ಬಾಯಿಪಾಠ ಮಾಡಿದ ಹುಡುಗ ಎಳೆಯ ಮಗುವನ್ನು ‘ನ್ಯೂ ಬಾಯ್’ ಎಂದು ಬರೆಯುತ್ತಾನೆ. ‘ಓಲ್ಡ್ ಮ್ಯಾನ್’, ‘ಓಲ್ಡ್ ಬುಕ್’ ಎರಡನ್ನೂ ಎದುರಿಗಿಟ್ಟು ಕಲಿತವನು ಮೊದಲನೆಯದಕ್ಕೆ ‘ಯಂಗ್’, ಎರಡನೆಯದಕ್ಕೆ ‘ನ್ಯೂ’ ಎಂದು ತಾನಾಗಿಯೇ ಆರಿಸಿಕೊಳ್ಳುತ್ತಾನೆ.